ವಿಯೆನ್ನಾದಲ್ಲಿ ನಡೆದವರು, ಪೀಣ್ಯದಲ್ಲಿ ನಡೆಯುವವರು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ಮಾತನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಈಚೆಗೆ ಮಾತ್ರ ಬರೆಯುವಾಗ ಸೀಮೆಸುಣ್ಣ ಹಿಡಿದ ಕೈ ಒಂದು ಕ್ಷಣ ತಡೆಯುತ್ತದೆ. ಜನ ದೇಶ ಸುತ್ತುವುದಕ್ಕೆ ನನ್ನ ತಕರಾರೇನೂ ಇಲ್ಲ. ದುಡಿದ ದುಡ್ಡು, ಕಾಲಲ್ಲಿ ಶಕ್ತಿ ಇದೆ, ಹೋಗಿ ಬರಲಿ. ನನ್ನ ತಕರಾರು ಇರುವುದು ಅವರು ಸುತ್ತಿ ಬಂದ ಮೇಲೆ ನಮ್ಮ ಮೇಲೆ ಸುರಿಯುವ ಉಪದೇಶದ ಬಗ್ಗೆ.

ಆ ಉಪದೇಶ ಹೆಚ್ಚುಕಡಿಮೆ ಎಲ್ಲರ ಬಾಯಲ್ಲೂ ಒಂದೇ. ಅಲ್ಲಿ ಇಡೀ ರಾಜಧಾನಿಯನ್ನು ಒಂದೇ ದಿನದಲ್ಲಿ ಕಾಲ್ನಡಿಗೆಯಲ್ಲಿ ನೋಡಿ ಮುಗಿಸಬಹುದು; ನಮ್ಮ ಬೆಂಗಳೂರಿನಲ್ಲಿ ಹತ್ತು ಹೆಜ್ಜೆ ನಡೆಯುವ ಹಾಗಿಲ್ಲ; ಏಕೆಂದರೆ ನಮ್ಮ ಜನಕ್ಕೆ ಶಿಸ್ತಿಲ್ಲ. ಮೊದಲ ಮಾತು ನಿಜವಿರಬಹುದು. ಎರಡನೆಯದು ಅಂಗೈ ಹುಣ್ಣು, ಅದಕ್ಕೆ ಕನ್ನಡಿ ಬೇಡ. ಮೂರನೆಯದು ಸುಳ್ಳು. ಬರಿಯ ಸುಳ್ಳಲ್ಲ, ಅನುಕೂಲಸ್ಥರಿಗೆ ಅನುಕೂಲವಾದ ಸುಳ್ಳು. ಅದನ್ನು ಬಿಡಿಸಿ ತೋರಿಸಬೇಕೆಂದೇ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ನನ್ನ ನಾದಿನಿ ವೈಟ್‌ಫೀಲ್ಡಿನಲ್ಲಿದ್ದಾಳೆ. ಹೋದ ಬೇಸಿಗೆಯಲ್ಲಿ ಗಂಡ ಹೆಂಡತಿ ಯೂರೋಪ್ ಪ್ರವಾಸ ಮಾಡಿ ಬಂದರು. ಚಾಕಲೇಟು ಕೊಡಲು ನಮ್ಮ ಮನೆಗೆ ಬಂದವಳು ಕಾಫಿ ಆರುವ ತನಕ ಒಂದೇ ವರ್ಣನೆ. "ಅತ್ತಿಗೆ, ಒಂದೇ ದಿನದಲ್ಲಿ ಇಡೀ ವಿಯೆನ್ನಾ ನಡೆದು ನೋಡಿಬಿಟ್ವಿ. ಬೆಳಗ್ಗೆ ಸ್ಟೀಫನ್ ದೇವಾಲಯ, ಆಮೇಲೆ ಅರಮನೆ, ಒಪೆರಾ, ಸಂಜೆ ಆ ದೊಡ್ಡ ವರ್ತುಲ ರಸ್ತೆ. ಹದಿನೈದು ಸಾವಿರ ಹೆಜ್ಜೆ! ಕಾಲು ನೋವೇ ಗೊತ್ತಾಗಲಿಲ್ಲ" ಎಂದಳು. ಆಮೇಲೆ ಕಿಟಕಿಯ ಆಚೆ ನೋಡಿ, "ಇಲ್ಲಿ ನಿಮ್ಮ ಮನೆಯಿಂದ ಮೆಟ್ರೊ ತನಕ ನಡೆಯೋಕಾಗುತ್ತಾ ಹೇಳಿ? ನಮ್ಮ ಜನಕ್ಕೆ ಬುದ್ಧಿ ಬರಲ್ಲ ಬಿಡಿ" ಎಂದಳು.

ನಾನು ಸಮಾಜ ವಿಜ್ಞಾನ ಹೇಳಿಕೊಡುವವಳು. ಲೆಕ್ಕ ಸರಿಯಿಲ್ಲದಿದ್ದರೆ ನನಗೆ ಸಮಾಧಾನವಿಲ್ಲ. ವಿಯೆನ್ನಾ ನಗರದ ವಿಸ್ತೀರ್ಣ ಸುಮಾರು 415 ಚದರ ಕಿಲೋಮೀಟರ್. ಪ್ರವಾಸಿಗರು ನಡೆಯುವ ಒಳನಗರ ಸುಮಾರು ಮೂರು ಚದರ ಕಿಲೋಮೀಟರ್. ಇಡೀ ವಿಯೆನ್ನಾ ಎಂದು ನನ್ನ ನಾದಿನಿ ಹೇಳಿದ್ದು ಈ ಮೂರನ್ನೇ. ತಪ್ಪೇನಿಲ್ಲ, ಯಾವ ಊರನ್ನಾದರೂ ಒಂದು ದಿನದಲ್ಲಿ ನಡೆದು ನೋಡುವುದೆಂದರೆ ಅದರ ಹಳೆಯ ಹೃದಯವನ್ನು ನೋಡುವುದೆಂದೇ ಅರ್ಥ. ಹಾಗಾದರೆ ನಮ್ಮ ಹೃದಯವನ್ನೂ ಅದೇ ಅಳತೆಗೋಲಿನಿಂದ ಅಳೆಯೋಣ. ಅವರ ಒಳನಗರದ ಪಕ್ಕದಲ್ಲಿ ನಮ್ಮ ಪೇಟೆಯನ್ನು ಇಡೋಣ. ವಿಯೆನ್ನಾದ ಒಳನಗರದ ಎದುರು ಟಿನ್ ಫ್ಯಾಕ್ಟರಿಯ ಸಿಗ್ನಲ್ಲನ್ನು ಇಡುವುದು ಯಾವ ನ್ಯಾಯ?

ನಮ್ಮ ಪೇಟೆಯೂ ಕಾಲಿಗಾಗಿ ಹುಟ್ಟಿದ ಊರೇ. 1537ರಲ್ಲಿ ಕೆಂಪೇಗೌಡರು ಊರು ಕಟ್ಟಲು ಹೊರಟಾಗ ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿ, ಎತ್ತುಗಳು ನಿಂತಲ್ಲಿಗೆ ಗಡಿ ಗೊತ್ತುಮಾಡಿದರೆಂಬ ಕಥೆಯಿದೆ. ಆ ಉಳುಮೆಯ ಗೆರೆಗಳೇ ದೊಡ್ಡಪೇಟೆ, ಚಿಕ್ಕಪೇಟೆ ಬೀದಿಗಳಾದವು ಎನ್ನುತ್ತಾರೆ. ದೊಡ್ಡಪೇಟೆ ಇಂದಿನ ಅವೆನ್ಯೂ ರಸ್ತೆ. ಅದರ ಅಕ್ಕಪಕ್ಕ ಅಕ್ಕಿಗೆ ಅಕ್ಕಿಪೇಟೆ, ಧಾನ್ಯಕ್ಕೆ ತರಗುಪೇಟೆ, ಹತ್ತಿಗೆ ಅರಳೆಪೇಟೆ, ಗಾಣದವರಿಗೆ ಗಾಣಿಗರಪೇಟೆ, ಮಡಕೆಯವರಿಗೆ ಕುಂಬಾರಪೇಟೆ, ತೋಟದವರಿಗೆ ತಿಗಳರಪೇಟೆ. ಒಂದು ಕಸುಬಿನಿಂದ ಇನ್ನೊಂದು ಕಸುಬಿಗೆ ಕೂಗಳತೆಯ ದೂರ. ಸುತ್ತ ಮಣ್ಣಿನ ಕೋಟೆ, ಕಂದಕ. ತಲೆಯ ಮೇಲೆ ಬುಟ್ಟಿ ಹೊತ್ತವಳು ಹೊತ್ತು ಏರುವುದರೊಳಗೆ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಹೋಗಬಹುದಾದ ಊರು ಅದು. ವಿಯೆನ್ನಾದ ಒಳನಗರ ಬೇರೇನು?

ಇದು ಬರೀ ಬಾಯಿಮಾತಲ್ಲ. ಎಂಟನೇ ತರಗತಿಯ ಮಕ್ಕಳನ್ನು ಕಟ್ಟಿಕೊಂಡು ಆ ದಾರಿ ನಡೆದಿದ್ದೇನೆ. ನಮ್ಮ ಶಾಲೆಯ ಮಕ್ಕಳಲ್ಲಿ ಹೆಚ್ಚಿನವರು ಪೀಣ್ಯದ ಕಾರ್ಖಾನೆ, ಗಾರ್ಮೆಂಟ್ಸ್ ಕೆಲಸಗಾರರ ಮಕ್ಕಳು. ಅಪ್ಪ ಅಮ್ಮ ಕಲಬುರಗಿ, ರಾಯಚೂರು, ಚಿತ್ರದುರ್ಗ, ಪಾವಗಡದ ಕಡೆಯಿಂದ ಬಂದವರು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದೂ ವಿಧಾನಸೌಧವನ್ನು ಪಠ್ಯಪುಸ್ತಕದ ಚಿತ್ರದಲ್ಲಿ ಮಾತ್ರ ಕಂಡ ಮಕ್ಕಳು ನನ್ನ ತರಗತಿಯಲ್ಲಿದ್ದರು. ಜಾಲಹಳ್ಳಿಯಲ್ಲಿ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದೆವು. ಅವೆನ್ಯೂ ರಸ್ತೆ, ಕರಗ ಹೊರಡುವ ಧರ್ಮರಾಯಸ್ವಾಮಿ ದೇವಸ್ಥಾನ, ಕೃಷ್ಣರಾಜ ಮಾರುಕಟ್ಟೆ, 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಮುತ್ತಿದ ಕೋಟೆಯ ಉಳಿದ ಬಾಗಿಲು, ಅದೇ ವರ್ಷ ಮುಗಿದ ಟೀಪುವಿನ ಮರದ ಅರಮನೆ, ಅದಕ್ಕೆ ಒತ್ತಿಕೊಂಡಂತಿರುವ ಕೋಟೆ ವೆಂಕಟರಮಣ. ಬುತ್ತಿ ಉಂಡು ಮತ್ತೆ ಕಾರ್ಪೊರೇಷನ್ ದಾರಿ, ಕಬ್ಬನ್ ಪಾರ್ಕಿನ ನೆರಳು, 1868ರ ಕೆಂಪು ಅಠಾರಾ ಕಚೇರಿ, ಅದರ ಎದುರಿಗೆ ಕೆಂಗಲ್ ಹನುಮಂತಯ್ಯನವರು ಕಟ್ಟಿಸಿ 1956ರಲ್ಲಿ ಮುಗಿದ ವಿಧಾನಸೌಧ. ಒಟ್ಟು ಐದಾರು ಕಿಲೋಮೀಟರ್. ನಾಲ್ಕು ನೂರು ವರ್ಷಗಳ ಮೇಲಿನ ಚರಿತ್ರೆ, ಒಂದು ಹಗಲು. ಯಾವ ಯೂರೋಪಿನ ರಾಜಧಾನಿಗೂ ನಮ್ಮದು ಕಡಿಮೆಯಿಲ್ಲ ಸ್ವಾಮಿ. ಹಿತ್ತಲ ಗಿಡ ಮದ್ದಲ್ಲ, ಅಷ್ಟೇ.

ಆದರೆ ಆ ದಿನ ನಾನು ಚರಿತ್ರೆ ಹೇಳಿದ್ದಕ್ಕಿಂತ "ಪಕ್ಕಕ್ಕೆ ಬನ್ನಿ, ಗಾಡಿ ಬಂತು" ಎಂದು ಕೂಗಿದ್ದೇ ಹೆಚ್ಚು. ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ. ಶಾಲೆಯ ಗೇಟಿನಿಂದ ಜಾಲಹಳ್ಳಿ ಮೆಟ್ರೊ ನಿಲ್ದಾಣದವರೆಗಿನ ದಾರಿಯಲ್ಲಿ ಎಷ್ಟು ಸಲ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿಯಬೇಕಾಯಿತು, ಏಕೆ ಇಳಿಯಬೇಕಾಯಿತು ಎಂದು ಬರೆದುಕೊಳ್ಳಬೇಕು. ಒಬ್ಬೊಬ್ಬರ ನೋಟ್‌ಬುಕ್ಕಿನಲ್ಲಿ ಒಂದೊಂದು ಲೆಕ್ಕ. ಇಪ್ಪತ್ತಕ್ಕಿಂತ ಕಡಿಮೆ ಯಾರದ್ದೂ ಇರಲಿಲ್ಲ. ಕಾರಣಗಳ ಪಟ್ಟಿ ಇನ್ನೂ ಚೆನ್ನಾಗಿತ್ತು. ಚಪ್ಪಡಿ ಇಲ್ಲದ ಮೋರಿ. ಟ್ರಾನ್ಸ್‌ಫಾರ್ಮರ್. ನಿಲ್ಲಿಸಿದ ಬೈಕುಗಳು. ಕಾರು ಒಳಗೆ ಹೋಗಲು ಮನೆಯವರು ಕಟ್ಟಿಕೊಂಡ ಇಳಿಜಾರು. ಮರಳಿನ ಗುಡ್ಡೆ. ಕೇಬಲ್ಲಿನವರು ಅಗೆದು ಬಿಟ್ಟ ಗುಂಡಿ. ಒಬ್ಬ ಹುಡುಗ ಮಾತ್ರ ಒಂದೇ ಸಾಲು ಬರೆದಿದ್ದ: "ಫುಟ್‌ಪಾತ್ ಎಲ್ಲಿ ಶುರುವಾಯಿತು ಅಂತ ಗೊತ್ತಾಗಲಿಲ್ಲ, ಆದ್ದರಿಂದ ಎಷ್ಟು ಸಲ ಇಳಿದೆ ಅಂತಲೂ ಗೊತ್ತಾಗಲಿಲ್ಲ." ಅವನಿಗೆ ಹತ್ತಕ್ಕೆ ಹತ್ತು ಕೊಟ್ಟೆ.

ಈಗ ಶಿಸ್ತಿನ ಮಾತಿಗೆ ಬರೋಣ. ಬೆಳಗ್ಗೆ ಎಂಟು, ಎಂಟೂವರೆಗೆ ಪೀಣ್ಯದ ಯಾವುದಾದರೂ ಅಡ್ಡರಸ್ತೆಯಲ್ಲಿ ನಿಂತು ನೋಡಿ. ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದು ಎಂದು ಹೆಸರು ಹೊತ್ತ ಜಾಗ. ತಲೆಯ ಮೇಲೆ ಮೇಲುರಸ್ತೆ ಇದೆ, ಅದರ ಪಕ್ಕದಲ್ಲಿ 2014ರಿಂದ ಮೆಟ್ರೊ ಓಡುತ್ತಿದೆ. ಕೆಳಗೆ ಊಟದ ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು, ದುಪಟ್ಟಾ ಮೂಗಿಗೆ ಒತ್ತಿಕೊಂಡು, ಒಬ್ಬರ ಹಿಂದೆ ಒಬ್ಬರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ನಡೆಯುತ್ತಾರೆ. ಎಡಕ್ಕೆ ಮೋರಿ, ಬಲಕ್ಕೆ ಲಾರಿ. ಐದು ನಿಮಿಷ ತಡವಾದರೆ ಗೇಟು ಮುಚ್ಚುತ್ತದೆ, ಸಂಬಳ ಕತ್ತರಿಸುತ್ತದೆ. ಈ ಹೆಣ್ಣುಮಕ್ಕಳಷ್ಟು ಶಿಸ್ತಾಗಿ ನಡೆಯುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಇವರ ಒಂದು ದಿನದ ಹೆಜ್ಜೆ ಎಣಿಸಿದರೆ ಪ್ರವಾಸಿಗರ ಹದಿನೈದು ಸಾವಿರ ನಾಚಿಕೊಳ್ಳಬೇಕು. ಆದರೆ ಅದನ್ನು ಎಣಿಸುವ ಗಡಿಯಾರ ಇವರ ಕೈಯಲ್ಲಿಲ್ಲ. ಯಾರಿಗೂ ಫೋಟೊ ಕಳಿಸುವುದೂ ಇಲ್ಲ.

ಒಂದು ವಿಚಿತ್ರ ನೋಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ರಾಜ್ಯದ ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಒಳ್ಳೆಯದು, ನೂರು ಸಲ ಒಳ್ಳೆಯದು. ಆದರೆ ಬಸ್ಸಿನೊಳಗೆ ದಾರಿ ಮಾಡಿಕೊಟ್ಟವರು ಬಸ್‌ಸ್ಟಾಪಿನವರೆಗೆ ದಾರಿ ಮಾಡಿಕೊಡುವುದನ್ನು ಮರೆತರು. ಪ್ರತಿ ಬಸ್ ಪ್ರಯಾಣದ ಎರಡು ತುದಿಯಲ್ಲೂ ಒಂದು ನಡಿಗೆ ಇರುತ್ತದೆ. ಮೆಟ್ರೊ ಪ್ರಯಾಣಕ್ಕೂ ಅಷ್ಟೇ. ಆ ನಡಿಗೆಗೆ ಬೆಲೆಯಿಲ್ಲ ಎಂದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪೀಣ್ಯದ ಬಸವೇಶ್ವರ ಬಸ್ ನಿಲ್ದಾಣವೇ ಪಾಠ. 2014ರಲ್ಲಿ ಅದ್ದೂರಿಯಾಗಿ ತೆರೆದರು. ಇಳಿದ ಜನ ಮೂಟೆ, ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಂದ ಊರೊಳಕ್ಕೆ ಹೋಗುವುದು ಹೇಗೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರವಿರಲಿಲ್ಲ. ಜನ ಒಲ್ಲೆ ಎಂದರು, ಬಸ್ಸುಗಳು ಮತ್ತೆ ಮೆಜೆಸ್ಟಿಕ್ಕಿಗೇ ಹೋದವು. 2015ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ನಿಂತಿತು. ನಮ್ಮವರು ಲಂಡನ್ನಿಗೆ ಹೋದರೆ ಆ ದಂಡೆಯ ಮೇಲೆ ನಡೆದು ಹೋಗಿ ಕೈ ಮುಗಿದು ಬರುತ್ತಾರೆ. ಅಲ್ಲಿಯ ಬಸವಣ್ಣನಿಗೆ ನಡೆಯಲು ದಾರಿ ಸಿಕ್ಕಿತು, ಇಲ್ಲಿಯ ಬಸವೇಶ್ವರನಿಗೆ ಸಿಗಲಿಲ್ಲ.

ಯೂರೋಪಿನವರು ಹುಟ್ಟುತ್ತಲೇ ನಡಿಗೆಯ ಶಿಸ್ತು ಪಡೆದು ಬಂದವರು ಎಂಬ ನಂಬಿಕೆಯೊಂದು ನಮ್ಮಲ್ಲಿ ಬೇರೂರಿದೆ. ದೂರದ ಬೆಟ್ಟ ನುಣ್ಣಗೆ. ಅವರ ರಾಜಧಾನಿಗಳೂ ಕಾರಿನ ಹುಚ್ಚಿಗೆ ಬಿದ್ದು ಎದ್ದವೇ. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ಇಂದು ಪ್ರವಾಸಿಗರು ಮೆಚ್ಚಿ ಓಡಾಡುವ ಸ್ಟ್ರೋಯೆಟ್ ಬೀದಿ 1962ರವರೆಗೆ ಕಾರುಗಳಿಂದ ಗಿಜಿಗುಡುತ್ತಿತ್ತು. ಆ ವರ್ಷದ ನವೆಂಬರಿನಲ್ಲಿ ಅದನ್ನು ನಡೆಯುವವರಿಗೆ ಬಿಟ್ಟುಕೊಟ್ಟರು. ಆಗ ಅಲ್ಲೂ ಆಕ್ಷೇಪ ಎದ್ದಿತು: ನಾವೇನು ಇಟಲಿಯವರೇ, ಈ ಚಳಿಯಲ್ಲಿ ಬೀದಿ ಸುತ್ತಲು? ಅಂಗಡಿಗಳು ಮುಳುಗಿಹೋಗುವುದಿಲ್ಲವೇ? ಅಂಗಡಿಗಳು ಮುಳುಗಲಿಲ್ಲ, ಜನ ಬಂದರು. ವಿಯೆನ್ನಾದ ಒಪೆರಾದಿಂದ ಸ್ಟೀಫನ್ ದೇವಾಲಯದ ಕಡೆಗೆ ಹೋಗುವ ಬೀದಿಯನ್ನು ನಡೆಯುವವರಿಗೆ ಬಿಟ್ಟದ್ದು 1970ರ ದಶಕದಲ್ಲಿ. ಆ ವರ್ತುಲ ರಸ್ತೆಯೂ ಆಕಾಶದಿಂದ ಇಳಿದದ್ದಲ್ಲ. 1857ರಲ್ಲಿ ಚಕ್ರವರ್ತಿಯ ಅಪ್ಪಣೆಯಾಗಿ ಕೋಟೆಯ ಗೋಡೆ ಕೆಡವಿ ಮಾಡಿದ್ದು. ಪ್ಯಾರಿಸ್ ನಗರದವರು ಸೇನ್ ನದಿಯ ಬಲದಂಡೆಯ ಮೇಲಿದ್ದ ಕಾರುರಸ್ತೆಯನ್ನು ಮುಚ್ಚಿ ಕಾಲ್ನಡಿಗೆಗೆ ಬಿಟ್ಟದ್ದು 2016ರಲ್ಲಿ, ಮೊನ್ನೆ ಮೊನ್ನೆ. ಎಲ್ಲವೂ ಯಾರೋ ಕುಳಿತು ಮಾಡಿದ ತೀರ್ಮಾನಗಳು. ರಕ್ತದಲ್ಲಿ ಬಂದದ್ದು ಯಾವುದೂ ಇಲ್ಲ.

ಶಿಕ್ಷಕಿಯಾಗಿ ನನ್ನನ್ನು ಹಿಡಿದು ನಿಲ್ಲಿಸುವುದು ಆಮ್‌ಸ್ಟರ್‌ಡ್ಯಾಮ್ ರಾಜಧಾನಿಯಾಗಿರುವ ನೆದರ್ಲೆಂಡ್ಸ್‌ನ ಕಥೆ. ಆ ಪುಟ್ಟ ದೇಶದಲ್ಲಿ 1971ರ ಒಂದೇ ವರ್ಷ 3,000ಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತನೊಬ್ಬ 1972ರಲ್ಲಿ ಬರೆದ ಲೇಖನದ ತಲೆಬರಹವೇ ಒಂದು ಚಳವಳಿಯ ಹೆಸರಾಯಿತು: ಮಕ್ಕಳ ಕೊಲೆ ನಿಲ್ಲಿಸಿ. ತಾಯಂದಿರು ಬೀದಿಗಿಳಿದರು, ರಸ್ತೆ ತಡೆದು ಮಕ್ಕಳನ್ನು ಆಡಲು ಬಿಟ್ಟರು. 1973ರ ತೈಲ ಬಿಕ್ಕಟ್ಟಿನಲ್ಲಿ ಸರ್ಕಾರ ಕಾರಿಲ್ಲದ ಭಾನುವಾರಗಳನ್ನು ಜಾರಿಗೆ ತಂದಾಗ ರಸ್ತೆ ಎಷ್ಟು ಅಗಲವಾಗಿದೆ ಎಂದು ಜನರ ಕಣ್ಣಿಗೆ ಬಿತ್ತು. ಇಂದು ನಮ್ಮವರು ಆಮ್‌ಸ್ಟರ್‌ಡ್ಯಾಮಿನ ಕಾಲುವೆಯ ಪಕ್ಕ ನಿರಾತಂಕವಾಗಿ ನಡೆದು ಬರುವುದರ ಹಿಂದೆ ಆ ತಾಯಂದಿರ ಕಣ್ಣೀರಿದೆ, ಸಿಟ್ಟಿದೆ. ಪ್ರವಾಸದ ಕರಪತ್ರದಲ್ಲಿ ಇದನ್ನು ಅಚ್ಚು ಮಾಡುವುದಿಲ್ಲ.

ನಮ್ಮಲ್ಲಿ? 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಇದು ಸರ್ಕಾರವೇ ಅಚ್ಚು ಹಾಕಿಸಿದ ಲೆಕ್ಕ. ದಿನಕ್ಕೆ ತೊಂಬತ್ತು ಜನ. ನನ್ನ ಎರಡು ತರಗತಿಗಳು ಪ್ರತಿದಿನ ಖಾಲಿಯಾದಂತೆ. ನಾವು ಇದಕ್ಕೆ ಅಪಘಾತ ಎಂದು ಹೆಸರಿಟ್ಟು, ಪತ್ರಿಕೆಯ ಒಳಪುಟದಲ್ಲಿ ಓದಿ, ಪುಟ ತಿರುಗಿಸುತ್ತೇವೆ.

ಎರಡು ವರ್ಷದ ಹಿಂದೆ ನನ್ನ ತರಗತಿಯ ಹುಡುಗಿಯೊಬ್ಬಳು ಶಾಲೆ ಬಿಟ್ಟು ಮನೆಗೆ ಹೋಗುತ್ತಿದ್ದಳು. ಮೋರಿಯ ಚಪ್ಪಡಿ ಹೋದ ಜಾಗದಲ್ಲಿ ರಸ್ತೆಗೆ ಇಳಿದಳು. ಹಿಂದಕ್ಕೆ ಬರುತ್ತಿದ್ದ ಸರಕಿನ ಟೆಂಪೊ ಅವಳ ಕಾಲಿನ ಮೇಲೆ ಹೋಯಿತು. ಜೀವಕ್ಕೆ ತೊಂದರೆಯಾಗಲಿಲ್ಲ. ಮೂರು ತಿಂಗಳು ಹಾಸಿಗೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರು ಗುರುತು ಹಾಕುತ್ತಾ ಹೋದೆ. ತಾಯಿ ಗಾರ್ಮೆಂಟ್ಸಿಗೆ ಹೋಗುವವಳು, ಮಗಳನ್ನು ಕರೆತಂದು ಕರೆದೊಯ್ಯಲು ಸಮಯವಿಲ್ಲ. "ಮಿಸ್, ಆ ದಾರೀಲಿ ಒಬ್ಬಳನ್ನೇ ಕಳಿಸೋಕೆ ಧೈರ್ಯ ಬರಲ್ಲ, ಊರಿಗೇ ಬಿಟ್ಟು ಬರ್ತೀನಿ" ಎಂದಳು. ಹುಡುಗಿ ಅಜ್ಜಿಯ ಊರಿಗೆ ಹೋದಳು. ಅಲ್ಲಿ ಪ್ರೌಢಶಾಲೆ ಐದು ಕಿಲೋಮೀಟರ್ ದೂರ. ಓದು ನಿಂತಿತು. ಭೂಪಟದಲ್ಲಿ ಊರುಗಳನ್ನು ಗುರುತಿಸುವುದರಲ್ಲಿ ಅವಳಷ್ಟು ಚುರುಕಿನವರು ಆ ವರ್ಷ ಇರಲಿಲ್ಲ. ಚಪ್ಪಡಿ ಹಾಕಿಸಿ ಎಂದು ಸಂಬಂಧಪಟ್ಟ ಕಚೇರಿಗೆ ಮೂರು ಅರ್ಜಿ ಬರೆದೆ. ಅನುದಾನ ಬಂದ ಮೇಲೆ ನೋಡೋಣ ಎಂದರು. ಅದೇ ವರ್ಷ ಅದೇ ರಸ್ತೆಗೆ ಹೊಸ ಡಾಂಬರು ಬಂತು. ಕಪ್ಪಗೆ, ನುಣ್ಣಗೆ, ಗಾಡಿಗಳು ಇನ್ನೂ ಜೋರಾಗಿ ಓಡುವಂತೆ. ಆದ್ದರಿಂದ ದುಡ್ಡಿಲ್ಲ ಎಂಬ ಮಾತನ್ನು ದಯವಿಟ್ಟು ನನ್ನ ಮುಂದೆ ಹೇಳಬೇಡಿ.

ಇನ್ನು ಕೆಲವರ ವಾದ ಬಿಸಿಲಿನದು. ಯೂರೋಪ್ ತಂಪು, ನಮ್ಮದು ಸುಡುವ ದೇಶ, ನಡೆಯುವುದು ಹೇಗೆ ಎನ್ನುತ್ತಾರೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ವರ್ಷದ ಹೆಚ್ಚು ದಿನ ಹಿತವಾದ ಗಾಳಿ ಬೀಸುವ ಊರಿನವರು ಆಡುವ ಮಾತೇ ಇದು? ಅವರು ಹಿಮದಲ್ಲಿ ನಡೆಯುತ್ತಾರೆ. ನಮಗೆ ಬೇಕಾದದ್ದು ಸಾಲುಮರ. ರಸ್ತೆ ಅಗಲಿಸಲು ಅದನ್ನೇ ಕಡಿದೆವು.

ಮತ್ತೊಂದು ವಾದ ಜನಸಂಖ್ಯೆಯದು. ನಮ್ಮಲ್ಲಿ ಜನ ಹೆಚ್ಚು, ಜಾಗ ಸಾಲದು. ಜಾಗ ಸಾಲದಿದ್ದರೆ ಕಡಿಮೆ ಜಾಗ ತಿನ್ನುವವರಿಗೆ ಮೊದಲು ಕೊಡಬೇಕಲ್ಲವೇ? ನಡೆಯುವವನಿಗೆ ಎರಡು ಹೆಜ್ಜೆ ಊರುವಷ್ಟು ನೆಲ ಸಾಕು. ಒಬ್ಬನೇ ಕುಳಿತ ಕಾರಿಗೆ ಒಂದು ಸಣ್ಣ ಕೋಣೆಯಷ್ಟು ಜಾಗ ಬೇಕು, ನಿಂತಾಗಲೂ ಬೇಕು, ಓಡುವಾಗಲೂ ಬೇಕು. ಪಡಿತರ ಕಡಿಮೆ ಬಿದ್ದಾಗ ಹೊಟ್ಟೆ ತುಂಬಿದವನಿಗೆ ಮೊದಲು ಬಡಿಸುವ ನ್ಯಾಯ ಇದು.

ಮೂರನೆಯವರು ಬೀದಿ ವ್ಯಾಪಾರಿಗಳ ಕಡೆ ಬೆರಳು ತೋರಿಸುತ್ತಾರೆ. ಫುಟ್‌ಪಾತನ್ನೆಲ್ಲ ಅವರೇ ನುಂಗಿದ್ದಾರಂತೆ. ನನ್ನ ಮಕ್ಕಳ ಪಟ್ಟಿಯಲ್ಲಿ ಸೊಪ್ಪು ಮಾರುವವಳು ಇದ್ದಳು, ಇಲ್ಲವೆನ್ನುವುದಿಲ್ಲ. ಆದರೆ ಅವಳು ಬೈಕು, ಟ್ರಾನ್ಸ್‌ಫಾರ್ಮರು, ಇಳಿಜಾರುಗಳ ಎಷ್ಟೋ ಕೆಳಗಿದ್ದಳು. ಅವಳಿಗೆ ಜಾಗ ಗೊತ್ತುಮಾಡಿ ಕೊಡಬೇಕೆಂದು 2014ರಲ್ಲಿ ಸಂಸತ್ತು ಕಾನೂನನ್ನೇ ಮಾಡಿದೆ. ಸಂಜೆ ಏಳರ ಮೇಲೆ ಆ ರಸ್ತೆಯಲ್ಲಿ ಹೆಣ್ಣುಮಕ್ಕಳು ಧೈರ್ಯವಾಗಿ ನಡೆಯುವುದು ಅವಳ ಬುಟ್ಟಿಯ ಪಕ್ಕದ ದೀಪ ನೋಡಿಕೊಂಡು. ನಡೆಯುವವಳೂ ಮಾರುವವಳೂ ಒಂದೇ ಬಳ್ಳಿಯವರು. ಅವರಿಬ್ಬರ ನಡುವೆ ಜಗಳ ಹಚ್ಚಿ, ಫುಟ್‌ಪಾತಿನ ಮೇಲೆ ಕಾರು ಹತ್ತಿಸಿದವರು ನುಣುಚಿಕೊಳ್ಳುವುದು ಬೇಡ.

ನಾಲ್ಕನೆಯದು ಎಂಜಿನಿಯರುಗಳ ಪರಿಹಾರ: ಸ್ಕೈವಾಕ್. ಮೆಟ್ಟಿಲು ಹತ್ತಿ, ರಸ್ತೆ ದಾಟಿ, ಮೆಟ್ಟಿಲು ಇಳಿಯಿರಿ. ಹೆದ್ದಾರಿಯಂಥ ಕಡೆ ಬೇರೆ ದಾರಿಯಿಲ್ಲದಿರಬಹುದು. ಆದರೆ ಊರ ನಡುವಿನ ರಸ್ತೆಯಲ್ಲೂ ಇದೇ ಮಂತ್ರ. ಕಾರಿನವನು ಮೂವತ್ತು ಸೆಕೆಂಡು ನಿಲ್ಲಬಾರದೆಂದು, ಐವತ್ತು ದಾಟಿದ ನನ್ನಂಥವಳ ಮಂಡಿ ಎರಡು ಮಹಡಿ ಹತ್ತಬೇಕು. ವಿಯೆನ್ನಾದ ಒಳನಗರದಲ್ಲಿ ಎಷ್ಟು ಸ್ಕೈವಾಕ್ ಹತ್ತಿದೆ ಎಂದು ನಾದಿನಿಯನ್ನು ಕೇಳಿದೆ. ಒಂದೂ ಇಲ್ಲ ಎಂದಳು. ಅಲ್ಲಿ ಗಾಡಿ ನಿಂತಿತು, ಇವಳು ದಾಟಿದಳು.

ಇನ್ನು ಉಳಿದದ್ದು ಜನಕ್ಕೆ ಬುದ್ಧಿಯಿಲ್ಲ ಎಂಬ ಮಾತು. ಇದಕ್ಕೆ ಉತ್ತರ ನನ್ನ ನಾದಿನಿಯೇ. ವೈಟ್‌ಫೀಲ್ಡಿನ ಅವಳು ವಿಯೆನ್ನಾದಲ್ಲಿ ಇಳಿದ ಮೊದಲ ದಿನವೇ ಹದಿನೈದು ಸಾವಿರ ಹೆಜ್ಜೆ ಶಿಸ್ತಾಗಿ ನಡೆದಳಲ್ಲ? ಅವಳೂ ನಮ್ಮ ಜನವೇ ತಾನೇ? ವಿಮಾನದಲ್ಲಿ ಯಾರಾದರೂ ಬುದ್ಧಿ ಕುಡಿಸಿದರೇ? ನೆಲ ಸಿಕ್ಕಿತು, ನಡೆದಳು. ಇಲ್ಲಿ ಸಿಗುವುದಿಲ್ಲ, ಆದ್ದರಿಂದ ಸಾಯಂಕಾಲ ತನ್ನ ಅಪಾರ್ಟ್‌ಮೆಂಟಿನ ಕಾಂಪೌಂಡಿನೊಳಗೆ ಗಾಣದ ಎತ್ತಿನ ಹಾಗೆ ಸುತ್ತುತ್ತಾಳೆ. 1882ರಲ್ಲಿ ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ ಆಂಗ್ಲೋ ಇಂಡಿಯನ್ನರು ನೆಲೆ ನಿಂತ ಹಳೆಯ ವೈಟ್‌ಫೀಲ್ಡ್ ಇನ್ನರ್ ಸರ್ಕಲ್ ಅವಳ ಮನೆಗೆ ಎರಡೇ ಕಿಲೋಮೀಟರ್. ಹದಿನೈದು ವರ್ಷದಲ್ಲಿ ಒಮ್ಮೆಯೂ ನಡೆದು ಹೋಗಿಲ್ಲ. 2023ರಲ್ಲಿ ವೈಟ್‌ಫೀಲ್ಡಿಗೆ ಮೆಟ್ರೊ ಬಂತು. ನಿಲ್ದಾಣಕ್ಕೆ ಕಾರಿನಲ್ಲಿ ಹೋಗುತ್ತಾಳೆ.

ನಮ್ಮ ಜನರಿಗೆ ಬೀದಿಯನ್ನು ಕಾಲಿಗೆ ಬಿಟ್ಟುಕೊಡುವುದು ಗೊತ್ತಿಲ್ಲವೇ? ಚೈತ್ರ ಹುಣ್ಣಿಮೆಯ ರಾತ್ರಿ ಪೇಟೆಗೆ ಬನ್ನಿ. ಕರಗ ಹೊತ್ತವರು ಬರಿಗಾಲಲ್ಲಿ ಹೊರಡುತ್ತಾರೆ, ಬಿಚ್ಚುಗತ್ತಿಯ ವೀರಕುಮಾರರು ಜೊತೆಯಲ್ಲಿ. ಅರಳೆಪೇಟೆಯ ಮಸ್ತಾನ್ ದರ್ಗಾಕ್ಕೂ ಹೋಗಿ, ಬೆಳಗಾಗುವ ತನಕ ಬೀದಿ ಬೀದಿ ಸುತ್ತುತ್ತಾರೆ. ಆ ಒಂದು ರಾತ್ರಿ ಇಡೀ ಪೇಟೆ ಕಾಲಿನದು. ವರ್ಷಕ್ಕೊಂದು ರಾತ್ರಿ ದೇವರ ಹೆಸರಿನಲ್ಲಿ ಮಾಡಬಲ್ಲದ್ದನ್ನು ಉಳಿದ ದಿನ ಮಕ್ಕಳ ಹೆಸರಿನಲ್ಲಿ ಸ್ವಲ್ಪವಾದರೂ ಮಾಡಬಾರದೇ?

ಮಾಡಬಹುದೆಂಬುದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿಯಿದೆ. ಟೆಂಡರ್‌ಶ್ಯೂರ್ ಎಂಬ ಯೋಜನೆಯಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳಿಗೆ ವಿಶಾಲವಾದ ಫುಟ್‌ಪಾತ್ ಬಂತು. 2018ರಲ್ಲಿ ಚರ್ಚ್ ಸ್ಟ್ರೀಟಿಗೆ ಕಲ್ಲು ಹಾಸಿದರು. 2013ರಲ್ಲಿ ತನ್ನದೇ ಟೌನ್‌ಶಿಪ್ ಪ್ರಾಧಿಕಾರ ಪಡೆದ ಎಲೆಕ್ಟ್ರಾನಿಕ್ ಸಿಟಿಯೊಳಗೂ ಅಚ್ಚುಕಟ್ಟಾದ ಕಾಲುದಾರಿ ಇದೆ. ಅದೇ ಊರು, ಅದೇ ಮಳೆ, ಅದೇ ಜನ. ಹಾಗಾದರೆ ನಮಗೆ ಮಾಡಲು ಬರುತ್ತದೆ. ಯಾರಿಗೆ ಮಾಡಿಕೊಡಬೇಕು ಎಂಬಲ್ಲಿ ಮಾತ್ರ ಕೈ ಹಿಡಿತ. ಕಂಪ್ಯೂಟರಿನ ಮುಂದೆ ಕೂರುವವನ ಕಾಲಿಗೆ ಇರುವ ಬೆಲೆ ಹೊಲಿಗೆ ಯಂತ್ರದ ಪೆಡಲ್ ತುಳಿಯುವವಳ ಕಾಲಿಗೆ ಇಲ್ಲ.

ಈಗ ನಾನು ಕೇಳುವುದು ದೊಡ್ಡದೇನಲ್ಲ. ಫುಟ್‌ಪಾತಿನಲ್ಲಿ ಅಡ್ಡಿಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಅಂಚು 15 ಸೆಂಟಿಮೀಟರಿಗಿಂತ ಎತ್ತರವಿರಬಾರದು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲೇ ಬರೆದಿಟ್ಟಿದೆ. 1.8 ಮೀಟರ್ ಎಂದರೆ ಆರು ಅಡಿ. ರಸ್ತೆ ಬದಿಗೆ ನಿಲ್ಲಿಸಿದ ಒಂದು ಕಾರಿನ ಅಗಲ ಹೆಚ್ಚುಕಡಿಮೆ ಅಷ್ಟೇ. ಸಂವಿಧಾನದ 21ನೇ ವಿಧಿ ಕೊಡುವ ಜೀವಿಸುವ ಹಕ್ಕಿನಲ್ಲಿ ಫುಟ್‌ಪಾತಿನ ಹಕ್ಕೂ ಸೇರಿದೆ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಮ್ಮ ಮಹಾನಗರ ಪಾಲಿಕೆ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಐದು ನಗರ ಪಾಲಿಕೆಗಳು ಬಂದಿವೆ. ಅಳತೆ ಇದೆ, ಹಕ್ಕಿದೆ, ಕುರ್ಚಿಗಳೂ ಒಂದಿದ್ದದ್ದು ಐದಾಗಿವೆ. ಇನ್ನೇನು ಬಾಕಿ?

ಬಾಕಿಯಿರುವುದು ಕೇಳುವವರು. ನಡೆಯುವ ಹೆಣ್ಣುಮಕ್ಕಳಿಗೆ ಕೇಳಲು ಪುರಸೊತ್ತಿಲ್ಲ, ಕೇಳಿದರೂ ಅವರ ದನಿ ಅಲ್ಲಿಗೆ ಮುಟ್ಟುವುದಿಲ್ಲ. ದನಿ ಮುಟ್ಟುವಂಥವರು ವಿಯೆನ್ನಾಕ್ಕೆ ಹೋಗಿ ನಡೆದು ಬಂದು, ನಮ್ಮ ಜನವೇ ಸರಿಯಿಲ್ಲ ಎಂದು ಕೈ ತೊಳೆದುಕೊಳ್ಳುತ್ತಾರೆ. ನನ್ನ ಸಿಟ್ಟು ಇರುವುದು ಇಲ್ಲಿ. ನಡಿಗೆಯ ಸುಖ ಏನೆಂದು ಬಲ್ಲವರು, ಅದನ್ನು ಲಕ್ಷಗಟ್ಟಲೆ ಕೊಟ್ಟು ಕೊಂಡು ಬಂದವರು, ಆ ಸುಖ ಪರದೇಶದ ಸರಕು ಎಂದುಕೊಂಡಿದ್ದಾರೆ. ಬರುವಾಗ ಚಾಕಲೇಟು ತರಬೇಡಿ. ಅಲ್ಲಿಯ ಫುಟ್‌ಪಾತ್ ಎಷ್ಟು ಅಗಲವಿತ್ತು, ಅಂಚು ಎಷ್ಟು ಎತ್ತರವಿತ್ತು, ದಾಟುವಾಗ ಗಾಡಿ ಎಷ್ಟು ಹೊತ್ತು ನಿಂತಿತು, ಅದನ್ನು ನೆನಪಿಟ್ಟುಕೊಂಡು ಬನ್ನಿ. ಬಂದು ನಿಮ್ಮ ಪಾಲಿಕೆಯ ಬಾಗಿಲಿಗೆ ಹೋಗಿ, ನಮಗೇಕೆ ಇಲ್ಲ ಎಂದು ಕೇಳಿ. ನಾನು ಜೊತೆಗೆ ಬರುತ್ತೇನೆ. ನನ್ನ ನಾದಿನಿಗೂ ಇದನ್ನೇ ಹೇಳಿದ್ದೇನೆ, ಯೋಚಿಸುತ್ತೇನೆ ಎಂದಿದ್ದಾಳೆ.

ಅಧಿಕಾರಿಗಳಲ್ಲೂ ಒಂದು ವಿನಂತಿಯಿದೆ. ಮುಂದಿನ ಮೇಲುಸೇತುವೆಗೋ ಸುರಂಗಕ್ಕೋ ಸಹಿ ಹಾಕುವ ಮುನ್ನ ಒಂದು ದಿನ ಬಿಡುವು ಮಾಡಿಕೊಳ್ಳಿ. ಪೀಣ್ಯ ಎರಡನೇ ಹಂತದಲ್ಲಿ ಬೆಳಗ್ಗೆ ಎಂಟಕ್ಕೆ ಒಬ್ಬ ಹೆಣ್ಣುಮಗಳ ಜೊತೆ, ಅವಳ ಊಟದ ಡಬ್ಬಿ ನೀವೇ ಹಿಡಿದುಕೊಂಡು, ಅವಳ ಕಾರ್ಖಾನೆಯ ಗೇಟಿನ ತನಕ ನಡೆಯಿರಿ. ಸಂಜೆ ನಾಲ್ಕಕ್ಕೆ ಶಾಲೆಯ ಮಗುವಿನ ಕೈ ಹಿಡಿದು ಅದರ ಮನೆಯ ತನಕ ನಡೆಯಿರಿ. ಫೋಟೊದವರು ಬೇಡ, ಪೊಲೀಸರು ಬೇಡ, ಮೊದಲೇ ಗುಡಿಸಿ ಸಾರಿಸುವುದೂ ಬೇಡ. ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಕೆತ್ತಿದೆ. ಅದನ್ನು ನನ್ನ ಮಕ್ಕಳು ತಲೆಯೆತ್ತಿ ಅಕ್ಷರ ಕೂಡಿಸಿ ಓದಿದರು. ತಲೆಯೆತ್ತಿದ್ದು ಅಲ್ಲಿ ನಿಂತ ಮೇಲೆ. ದಾರಿಯುದ್ದಕ್ಕೂ ಅವರ ಕಣ್ಣು ಕಾಲ ಕೆಳಗಿನ ಗುಂಡಿಯ ಮೇಲೇ ಇತ್ತು.

ಆರು ಅಡಿ ನೆಲ ಕೊಡಿ. ರಾಜಧಾನಿಯನ್ನು ನಮ್ಮ ಮಕ್ಕಳು ನಡೆದೇ ನೋಡಿಕೊಳ್ಳುತ್ತಾರೆ.